ಥಿಕ್ ಆ್ಯಸ್ ಥೀವ್ಸ್: ಕಳ್ಳರಷ್ಟು ದಪ್ಪ ಅಂತಲ್ಲ

ಬಳ್ಳಾರಿಯಲ್ಲಿ ಪಿಯುಸಿ ಓದುವ ಅಕ್ಕನ ಮಗಳು ಮೊನ್ನೆ ಫೋನ್ ಮಾಡಿದ್ದಳು. ‘ಮಾಮ, ದೇ ಆರ್ ಥಿಕ್ ಆ್ಯಸ್ ಥೀವ್ಸ್ ಅಂದ್ರೆ ಕಳ್ಳರಷ್ಟು ದಪ್ಪ ಅದಾರ ಅಂತಾನಾ?’ ನಗು ಬಂತು. ಅವಳ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಅಷ್ಟು ದಪ್ಪ ಇದ್ದರೆ ಓಡಿ ತಪ್ಪಿಸಿಕೊಳ್ಳೋದು ಹೇಗೆ ಅನ್ನೋ ಅನುಮಾನ ಮಾತ್ರ ಇತ್ತು.

ಇಬ್ಬರು ಬಹಳ ಆಪ್ತರು, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತು, ಮೂರನೆಯವರು ಬಂದರೆ ಮಾತು ನಿಲ್ಲುತ್ತದೆ. ಅಂಥವರ ಬಗ್ಗೆ ಇಂಗ್ಲಿಷಿನಲ್ಲಿ ಹೀಗೆ ಹೇಳುತ್ತಾರೆ. ನಾವು ‘ಇಬ್ಬರೂ ಗಳಸ್ಯ ಕಂಠಸ್ಯ’ ಅನ್ನುತ್ತೇವಲ್ಲ, ಅದೇ. ಇಲ್ಲಿ ಥಿಕ್ ಅಂದರೆ ದಪ್ಪ ಅಲ್ಲ, ದಟ್ಟ. ನಡುವೆ ಸಂದಿಲ್ಲದಷ್ಟು ಹತ್ತಿರ. ಗಾಢ ಸ್ನೇಹ ಅನ್ನುವಾಗ ನಮ್ಮ ಮನಸ್ಸಿನಲ್ಲೂ ಇರುವುದು ಇದೇ ಅಲ್ವಾ?

ಕಳ್ಳರು ಈ ಮಾತಿನೊಳಗೆ ಸೇರಿಕೊಂಡದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಇಂಗ್ಲೆಂಡಿನ ಜನ ಆಪ್ತರನ್ನು ಹೋಲಿಸುತ್ತಿದ್ದದ್ದು ನೇಕಾರರಿಗೆ, ಅದೂ ಇಂಕಲ್ ನೇಯುವವರಿಗೆ. ಇಂಕಲ್ ಅಂದರೆ ನಾರಿನ ನೂಲಿನ ಸಣ್ಣ ಪಟ್ಟಿ, ಹೆಚ್ಚುಕಡಿಮೆ ನಮ್ಮ ಲಾಡಿ. (ನಮ್ಮ ‘ಚಡ್ಡಿ ದೋಸ್ತಿ’ಗೂ ಲಾಡಿ ಬೇಕೇ ಬೇಕು, ಆ ಮಾತು ಬೇರೆ.) ಪಟ್ಟಿ ಸಣ್ಣದು, ಮಗ್ಗವೂ ಕಿರಿದು. ಹಾಗಾಗಿ ನೇಕಾರರು ಒತ್ತಿ ಒತ್ತಿ ಕೂರುತ್ತಿದ್ದರು. ಹೀಗೆ ಪಕ್ಕಪಕ್ಕ ಕೂತು ನೇಯುವುದರಿಂದಲೇ ಇವರಿಗೆ ಬೇರೆಯವರಿಗಿಂತ ಬೇಗ ಸಲುಗೆ ಬೆಳೆಯುತ್ತದೆ ಎಂದು ಕವಿ ವಿಲಿಯಂ ಕೂಪರ್ 1788ರ ಒಂದು ಪತ್ರದಲ್ಲಿ ತಮಾಷೆಯಾಗಿ ಬರೆದಿದ್ದಾನೆ.

ನನಗೆ ಕಳ್ಳರಿಗಿಂತ ಈ ನೇಕಾರರೇ ಇಷ್ಟ. ಅಕ್ಕ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯಲು ಹೋಗುತ್ತಾಳೆ. ಮಶೀನಿಗೆ ಮಶೀನು ತಾಗಿಕೊಂಡೇ ಇರುತ್ತದೆ. ಅವಳು ಜಿಪ್ ಕೂರಿಸಿ ಕೊಟ್ಟರೆ ಪಕ್ಕದವಳು ಪ್ಯಾಂಟಿನ ಕಾಲಿನ ಅಂಚು ಮಡಚಿ ಹೊಲಿಯುತ್ತಾಳೆ. ಆ ಗದ್ದಲದಲ್ಲಿ ಹೊರಗಿನವರಿಗೆ ಏನೂ ಕೇಳಿಸುವುದಿಲ್ಲ. ಅವರಿಬ್ಬರ ಮಾತು ಮಾತ್ರ ಬೆಳಗ್ಗೆಯಿಂದ ನಡೆದೇ ಇರುತ್ತದೆ.

ಬಳಸುವಾಗ ಸ್ವಲ್ಪ ಹುಷಾರು. ‘ಥೀವ್ಸ್’ ಬಿಟ್ಟು ಬರೀ ‘ಹಿ ಈಸ್ ಥಿಕ್’ ಅಂದರೆ ದಡ್ಡ ಅಂತಾಗುತ್ತದೆ. ಪೂರ್ತಿ ಹೇಳಿದರೆ ಕಳ್ಳತನದ ಆರೋಪವೇನೂ ಇಲ್ಲ, ಆದರೆ ಸಣ್ಣ ಚುಡಾಯಿಕೆ ಇದೆ. ಎಲೆಕ್ಷನ್‌ನಲ್ಲಿ ಬೈದಾಡಿಕೊಂಡ ಇಬ್ಬರು ಲೀಡರ್‌ಗಳು ರಿಸಲ್ಟ್ ಬಂದ ಮೇಲೆ ಒಂದೇ ಕಾರಿನಲ್ಲಿ ಇಳಿದರೆ, ನೋಡಿದವರು ಅನ್ನೋ ಮಾತು ಇದು. ಗಂಡ ಹೆಂಡತಿಯ ಪ್ರೀತಿಗೆ, ಮದುವೆಯ ಶುಭಾಶಯಕ್ಕೆ ಒಗ್ಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಹುಡುಗಿ ಫೋನ್ ಹಿಡಿದುಕೊಂಡೇ ಒಂದು ವಾಕ್ಯ ಕಟ್ಟಿದಳು, ಅವ್ವನ ಬಗ್ಗೆ, ಪಕ್ಕದ ಮಶೀನಿನವಳ ಬಗ್ಗೆ. ಕನ್ನಡದಲ್ಲೂ ಒಮ್ಮೆ ಹೇಳಿ ನೋಡಿದಳು. ಅಡುಗೆಮನೆಯಿಂದ ಅಕ್ಕನ ದನಿ ಬಂತು: ‘ಯಾರನ್ನ ಕಳ್ಳಿ ಅಂತೀಯೇ?’