ಕುಂದಿಮಾನ್: ಕೊನೆಯ 'ಊ' ಬಿಡಬೇಡಿ

ಈ ತಿಂಗಳಲ್ಲಿ ಮೂರನೇ ಸಲ ಕಣ್ಣಿಗೆ ಬಿತ್ತು: "ಕುಂದಿಮಾನ್ ಅಂದರೆ ಫಿಲಿಪೀನ್ಸಿನ ಪ್ರೇಮಗೀತೆ." ಜೊತೆಗೆ ಕೊಟ್ಟ ಉದಾಹರಣೆ ಅಲ್ಲಿನ ಗಾಯಕ ಫ್ರೆಡ್ಡಿ ಅಗಿಲಾರ್ ಅವರ 'ಅನಾಕ್'. 1978ರ ಆ ಹಾಡು ದಾರಿ ತಪ್ಪಿದ ಮಗುವಿನದು, ಅದಕ್ಕಾಗಿ ರಾತ್ರಿಯೆಲ್ಲ ನಿದ್ದೆಗೆಟ್ಟ ಅಪ್ಪ ಅಮ್ಮನದು. ಅದು ಪ್ರೇಮಗೀತೆಯೂ ಅಲ್ಲ, ಕುಂದಿಮಾನೂ ಅಲ್ಲ. ಗಿಟಾರ್ ಹಿಡಿದು ನಿಧಾನವಾಗಿ ಹಾಡಿದ್ದಕ್ಕೆಲ್ಲ ಸುಮ್ನೆ ಆ ಹೆಸರು ಅಂಟಿಸಿದರೆ ಹೇಗೆ?

ಪದವನ್ನೇ ಬಿಡಿಸೋಣ. ಕನ್ನಡ ಅಕ್ಷರದಲ್ಲಿ ಬರೆದ ಕೂಡಲೇ ಕುಂದು, ಮಾನ ಎರಡೂ ಕಾಣುತ್ತವೆ. ಎರಡಕ್ಕೂ ಇದಕ್ಕೂ ಸಂಬಂಧವಿಲ್ಲ. ಫಿಲಿಪೀನ್ಸಿನ ಟಗಾಲೋಗ್ ಭಾಷೆಯ 'ಕುಂಗ್ ಹಿಂದಿ ಮಾನ್' ಎಂಬ ಮೂರು ಪದಗಳು ಬಾಯಿಂದ ಬಾಯಿಗೆ ಸವೆದು 'ಕುಂದಿಮಾನ್' ಆಯಿತು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ವಿವರಣೆ. ನಡುವಿನ 'ಹಿಂದಿ' ನಮ್ಮ ಉತ್ತರದವರ ಭಾಷೆಯಲ್ಲ. ಅದು 'ಅಲ್ಲ'. ಮಾತಿನಲ್ಲಿ ಇನ್ನೂ ಚಿಕ್ಕದಾಗಿ 'ದಿ' ಅಂದರೂ ಸಾಕು. 'ಕುಂಗ್' ಅಂದರೆ ನಮ್ಮ ಕ್ರಿಯಾಪದದ ಬಾಲದಲ್ಲಿ ಬರುವ 'ದರೆ'. 'ಮಾನ್' ಅಂದರೆ ಕೊನೆಗೆ ಸೇರುವ 'ಊ'. ಮೂರನ್ನೂ ಜೋಡಿಸಿ ನೋಡಿ: ಅಲ್ಲದಿದ್ದರೂ.

ನನಗೆ ಜಾಸ್ತಿ ಬೇಸರವಾಗುವುದು ಇಲ್ಲಿ. ಇಂಗ್ಲಿಷ್ ಮೂಲಕ ಬಂದ ವಿವರಣೆಗಳೆಲ್ಲ ಇದನ್ನು 'ಹಾಗಲ್ಲದಿದ್ದರೆ' ಎಂದು ಬರೆಯುತ್ತವೆ. ಆ ಪುಟ್ಟ 'ಊ' ದಾರಿಯಲ್ಲೇ ಬಿದ್ದುಹೋಗಿದೆ. ಅದು ಬಿದ್ದರೆ ಉಳಿಯುವುದೇನು? 'ನೀನು ಒಲಿಯದಿದ್ದರೆ' ಅನ್ನುವುದು ಷರತ್ತು. ಅದರ ಹಿಂದೆ ಬೆದರಿಕೆಯೂ ಬರಬಹುದು. 'ನೀನು ಒಲಿಯದಿದ್ದರೂ' ಅನ್ನುವವನ ಮನಸ್ಸೇ ಬೇರೆ. ಅವನು ಸೋಲನ್ನು ಮೊದಲೇ ಒಪ್ಪಿಕೊಂಡು ನಿಂತಿದ್ದಾನೆ, ಆದರೂ ಹೋಗುವುದಿಲ್ಲ. ಕುಂದಿಮಾನ್ ಹಾಡುವವನು ಈ ಎರಡನೆಯವನು. ಅವನು ತನ್ನನ್ನು ಬಡವ ಅನ್ನುತ್ತಾನೆ, ಬೇಡುತ್ತಾನೆ, ಅಳುತ್ತಾನೆ. ಇದನ್ನು ಬರೀ ಗೋಳು ಎಂದು ಓದಿದರೆ ತಪ್ಪು. ಟಗಾಲೋಗಿನಲ್ಲಿ 'ತೀಇಸ್' ಎಂಬ ಮಾತಿದೆ, ತಾಳಿಕೊಳ್ಳುವುದು ಅಂತ. ಈ ಹಾಡುಗಳಲ್ಲಿ ತಾಳ್ಮೆಯೇ ಪ್ರೀತಿಗೆ ಸಾಕ್ಷಿ.

ರಾಗದಲ್ಲೂ ಇದೇ 'ಊ' ಇದೆ. ಮೂರೆಣಿಕೆಯ ನಿಧಾನ ನಡೆ. ಶುರುವಾಗುವುದು ಪಾಶ್ಚಾತ್ಯ ಸಂಗೀತದ ದುಗುಡದ ಸ್ವರಶ್ರೇಣಿ ಮೈನರ್‌ನಲ್ಲಿ, ಅರ್ಧ ದಾಟಿದ ಮೇಲೆ ಗೆಲುವಿನ ಸ್ವರಶ್ರೇಣಿ ಮೇಜರ್‌ಗೆ ಹೊರಳುತ್ತದೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಷಡ್ಜ ಅಲ್ಲಾಡುವುದಿಲ್ಲ, ಸಾಧಾರಣ ಗಾಂಧಾರವಿದ್ದ ಕಡೆ ಅಂತರ ಗಾಂಧಾರ ಬಂದು ಕೂರುತ್ತದೆ. ಕತ್ತಲೆ ಕೋಣೆಯಲ್ಲಿ ಯಾರೋ ಕಿಟಕಿ ತೆರೆದ ಹಾಗೆ ಆಗುತ್ತದೆ. ಫ್ರಾನ್ಸಿಸ್ಕೊ ಸಾಂತಿಯಾಗೊ, ನಿಕಾನೊರ್ ಅಬೆಲಾರ್ದೊ ಎಂಬ ಇಬ್ಬರು ಸಂಗೀತ ಸಂಯೋಜಕರು 1910 ಮತ್ತು 20ರ ದಶಕಗಳಲ್ಲಿ ಈ ರೂಪವನ್ನು ಗಟ್ಟಿ ಮಾಡಿದರು, ಕಛೇರಿಯ ವೇದಿಕೆಗೂ ತಂದರು.

ಹಾಗಾದರೆ ಪ್ರೇಮಗೀತೆ ಅನ್ನುವುದರಲ್ಲಿ ತಪ್ಪೇನು? ಪ್ರೀತಿ ಇರುವುದು ನಿಜ, ಯಾರ ಮೇಲೆ ಅನ್ನುವುದು ಪ್ರಶ್ನೆ. 1896ರಲ್ಲಿ ಸ್ಪೇನಿನ ವಿರುದ್ಧ ದಂಗೆ ಎದ್ದವರು ಹಾಡಿಕೊಂಡದ್ದು 'ಹೋಸೆಲಿನಾಂಗ್ ಬಾಲಿವಾಗ್'. ಕೇಳಿದರೆ ಬುಲಕಾನ್ ಪ್ರಾಂತ್ಯದ ಬಾಲಿವಾಗ್ ಊರಿನ ಹುಡುಗಿಯೊಬ್ಬಳ ಹೊಗಳಿಕೆ, ಅಷ್ಟೇ. ಜನ ಅದನ್ನು ಕ್ರಾಂತಿಯ ಕುಂದಿಮಾನ್ ಎಂದೇ ಕರೆದರು. ಆಮೇಲೆ ಅಮೆರಿಕದವರು ಬಂದರು. 1901ರ ಕಾನೂನು ಸ್ವಾತಂತ್ರ್ಯದ ಪರ ಮಾತಾಡುವುದನ್ನೇ ಅಪರಾಧ ಮಾಡಿತು. 1907ರ ಕಾನೂನು ದೇಶದ ಬಾವುಟ ತೋರಿಸುವುದನ್ನು ನಿಷೇಧಿಸಿತು. ಅದು ರದ್ದಾಗಿದ್ದು 1919ರಲ್ಲಿ. ಬಾವುಟ ಹಾರಿಸುವಂತಿಲ್ಲ, ಆದರೆ ಪ್ರಿಯೆಯನ್ನು ನೆನೆದು ಅತ್ತರೆ ಯಾವ ಪೊಲೀಸ್ ಹಿಡಿಯುತ್ತಾನೆ? ಅದಕ್ಕೆ ಭಾಷೆಯೂ ನೆರವಾಯಿತು. 'ಇರೊಗ್' ಅಂದರೆ ಪ್ರೀತಿಪಾತ್ರರು. ಅದು ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಕೇಳುವವರ ಮನಸ್ಸಿನಲ್ಲಿ ನೆಲವೂ ಆಗಬಹುದು.

ಅಬೆಲಾರ್ದೊ ಅವರ 1926ರ 'ಮುತ್ಯಾ ನಾಂಗ್ ಪಾಸಿಗ್' ಕೇಳಿ. ಸಂಸ್ಕೃತದಿಂದ ಅಲ್ಲಿಗೆ ಹೋದ 'ಮುತ್ಯಾ' ನಮ್ಮ ಕಿವಿಗೆ ಮುತ್ತಾಗಿಯೇ ಕೇಳುತ್ತದೆ, ಅಲ್ವಾ? ಬೆಳದಿಂಗಳಲ್ಲಿ ಪಾಸಿಗ್ ನದಿಯ ನೀರಿನಿಂದ ಒಬ್ಬಳು ಮೇಲೆ ಬರುತ್ತಾಳೆ. ನನಗೊಂದು ರಾಜ್ಯವಿತ್ತು, ಅದು ಪ್ರೀತಿಯಿಂದ ನಿಂತಿತ್ತು, ಪ್ರೀತಿ ಹೋಯಿತು, ರಾಜ್ಯವೂ ಹೋಯಿತು ಅನ್ನುತ್ತಾಳೆ. ಇದು ಯಾವ ಹುಡುಗನ ವಿರಹ? ಮನಿಲಾದ ನಡುವೆ ಹರಿಯುವ ನದಿ, ಪರರ ಆಳ್ವಿಕೆ, ಕಳೆದುಹೋದ ರಾಜ್ಯ. ಅಂದು ಕೇಳಿದವರಿಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ.

'ಹರಾನಾ' ಅಂದರೂ ಕುಂದಿಮಾನ್ ಅಂದರೂ ಒಂದೇ ಎಂದು ಬರೆಯುವವರೂ ಇದ್ದಾರೆ. ಹರಾನಾ ಅಂದರೆ ರಾತ್ರಿ ಹುಡುಗಿಯ ಮನೆಯ ಕಿಟಕಿ ಕೆಳಗೆ ನಿಂತು ಹಾಡುವ ಪದ್ಧತಿ. ಅಲ್ಲಿ ಕುಂದಿಮಾನ್ ಹಾಡಬಹುದು, ಬೇರೆಯದನ್ನೂ ಹಾಡಬಹುದು.

ಕುಂದಿಮಾನ್ ಅಂದರೆ ಏನು ಎಂದು ಒಂದೇ ಹಾಡಿನಲ್ಲಿ ತೋರಿಸಿ ಅಂದರೆ ನಾನು 'ಬಾಯನ್ ಕೊ' ತೋರಿಸುತ್ತೇನೆ. ಟಗಾಲೋಗ್ ಸಾಹಿತ್ಯ ಹೊಸೆ ಕೊರಾಸೊನ್ ದೆ ಹೆಸುಸ್ ಅವರದು, ಸಂಗೀತ ಕೊನ್ಸ್ತಾನ್ಸಿಯೊ ದೆ ಗುಸ್ಮಾನ್ ಅವರದು. ಕಾಲ 1920ರ ದಶಕದ ಕೊನೆ. ಹೆಸರನ್ನು 'ನನ್ನ ದೇಶ' ಎಂದು ಅನುವಾದಿಸುವುದು ಸಾಲದು. 'ಬಾಯನ್' ಅಂದರೆ ಊರು, ಜನ, ದೇಶ ಮೂರೂ. ನಮ್ಮ 'ನಾಡು' ಇದಕ್ಕೆ ಹತ್ತಿರ.

ಇದನ್ನು ನಾನು ಮೊದಲು ಕೇಳಿದ್ದು ಶಾರ್ಜಾದಲ್ಲಿ. ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಫಿಲಿಪೀನ್ಸಿನವರು ಇದ್ದರು. ಶುಕ್ರವಾರ ಬಂತೆಂದರೆ ಕರೋಕೆ. ಅವರಲ್ಲಿ ಹಿರಿಯಳನ್ನು ಎಲ್ಲರೂ 'ಆತೆ' ಅನ್ನುತ್ತಿದ್ದೆವು, ಅಂದರೆ ಅಕ್ಕ. ಒಂದು ರಾತ್ರಿ ಆತೆ ಮೈಕ್ ಕೆಳಗಿಟ್ಟು, ಪರದೆ ನೋಡದೆ ಇದನ್ನು ಹಾಡಿದಳು. ರಾಗ ಮೇಜರ್‌ಗೆ ಹೊರಳಿದಾಗ ಊಟ ಮಾಡುತ್ತಿದ್ದವರೆಲ್ಲ ತಟ್ಟೆ ಕೆಳಗಿಟ್ಟು ದನಿ ಸೇರಿಸಿದರು. ಸರ್ವಾಧಿಕಾರಿ ಮಾರ್ಕೋಸ್ ಕಾಲದಲ್ಲಿ ಇದನ್ನು ಬಹಿರಂಗವಾಗಿ ಹಾಡುವುದೇ ಅಪಾಯವಾಗಿತ್ತು. 1983ರಲ್ಲಿ ವಿರೋಧ ಪಕ್ಷದ ನಾಯಕ ನಿನೊಯ್ ಅಕಿನೊ ಹತ್ಯೆಯಾದ ಮೇಲೆ ಬೀದಿ ಬೀದಿಯಲ್ಲಿ ಹಾಡಿದರು. 1986ರ ಫೆಬ್ರವರಿಯಲ್ಲಿ, ಮಾರ್ಕೋಸ್‌ನನ್ನು ಇಳಿಸಿದ ಜನರ ಚಳವಳಿಯಲ್ಲಿ, ಮನಿಲಾದ ಎಡ್ಸಾ ರಸ್ತೆ ತುಂಬ ಹಾಡಿದರು.

ಎಲ್ಲರೂ ದನಿ ಸೇರಿಸಿದ ಆ ಸಾಲು 'ಇಬೊನ್ ಮಾಂಗ್' ಎಂದು ಶುರುವಾಗುತ್ತದೆ. ಇಬೊನ್ ಅಂದರೆ ಹಕ್ಕಿ. 'ಮಾಂಗ್' ಅಂದರೆ ಏನು ಎಂದು ಆಮೇಲೆ ಆತೆಯನ್ನು ಕೇಳಿದೆ. ಅದು 'ಮಾನ್', ಮುಂದಿನ ಮಾತಿಗೆ ಅಂಟಿಕೊಂಡು ಹಾಗಾಗಿದೆ ಅಂದಳು. ಅರ್ಥ ಹೇಳಲು ಸ್ವಲ್ಪ ಹುಡುಕಿದಳು. "ಬರೀ ಹಕ್ಕಿ ಅಲ್ಲ. ಹಕ್ಕಿ ಕೂಡ." ಹಾರಲು ಬಿಡುಗಡೆ ಇರುವ ಹಕ್ಕಿಯನ್ನೂ ಪಂಜರಕ್ಕೆ ಹಾಕಿದರೆ ಅಳುತ್ತದೆ, ಇಷ್ಟು ಚೆಲುವಾದ ನಾಡು ತಪ್ಪಿಸಿಕೊಳ್ಳಲು ಬಯಸದೇ ಇದ್ದೀತೇ ಎಂದು ಹಾಡು ಕೇಳುತ್ತದೆ. ಆ 'ಬಯಸದೇ' ಅನ್ನುವಲ್ಲಿ ಟಗಾಲೋಗಿನಲ್ಲಿ ಇರುವುದು 'ದಿ'.