ಒಂದೇ ಹರಳು, ಹೊಗೆಗೂ ನೀರಿಗೂ

ಒಮಾನ್ ದೇಶದ ಧೋಫಾರ್ ಕಡೆ ಮನೆಗೆ ನೆಂಟರು ಬಂದರೆ ಕೆಂಡದ ಮೇಲೆ ಲುಬಾನ್ ಹಾಕುತ್ತಾರೆ. ಫ್ರಾಂಕಿನ್ಸೆನ್ಸ್ ಅಂತ ಹೊರಗಿನವರು ಕರೆಯುವುದು ಇದನ್ನೇ. ಬಟ್ಟೆಗೆ ಘಮ ಹಿಡಿಸಲು, ಸೊಳ್ಳೆ ಓಡಿಸಲು ಕೂಡ ಇದೇ ಹೊಗೆ. ಹರಳನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಹೊಟ್ಟೆಗೆ ಒಳ್ಳೇದು ಅಂತ ಬೆಳಿಗ್ಗೆ ಕುಡಿಯುವುದೂ ಉಂಟು. ಸುಮ್ನೆ ಬಾಯಿಗೆ ಹಾಕಿಕೊಂಡು ಅಗಿಯುವವರೂ ಇದ್ದಾರೆ.

ಇದು ಬೋಸ್ವೆಲಿಯಾ ಸಾಕ್ರಾ ಎಂಬ ಗಿಡ್ಡ ಮರದ ಅಂಟು. ನಮ್ಮ ಕರಾವಳಿಗೆ ಮಳೆ ಸುರಿಸುವ ಮುಂಗಾರೇ ಧೋಫಾರ್ ಬೆಟ್ಟಗಳ ಕಡಲ ಬದಿಯನ್ನೂ ಮಂಜು, ತುಂತುರಿನಲ್ಲಿ ಮುಳುಗಿಸುತ್ತದೆ. ಆದರೆ ಜಾಸ್ತಿ ಬೆಲೆಯ ಅಂಟು ಬರುವುದು ಬೆಟ್ಟದಾಚೆ, ಒಣ ಬದಿಯ ಮರಗಳಿಂದ. ಅಲ್ಲಿನವರು ತೊಗಟೆಯನ್ನು ಅಲ್ಲಲ್ಲಿ ತೆಳ್ಳಗೆ ಕೆತ್ತುತ್ತಾರೆ. ಬಿಳಿ ಹಾಲು ಹನಿಹನಿಯಾಗಿ ಜಿನುಗಿ ಗಟ್ಟಿಯಾಗುತ್ತದೆ. ಮರ ತನ್ನ ಗಾಯ ಮುಚ್ಚಿಕೊಳ್ಳುವ ರೀತಿ ಅದು. ಮೊದಲ ಸಲ ಕೆತ್ತಿದಾಗ ಬಂದದ್ದಕ್ಕೆ ಅಷ್ಟು ಬೆಲೆಯಿಲ್ಲ. ಕೆಲವು ವಾರ ಬಿಟ್ಟು ಅದೇ ಗಾಯವನ್ನು ಮತ್ತೆ ಮತ್ತೆ ಕೆರೆದ ಮೇಲೆಯೇ ಒಳ್ಳೆ ಮಾಲು.

ಈ ಹರಳಿನೊಳಗೆ ಮೂರು ಬಗೆಯ ವಸ್ತು ಸೇರಿಕೊಂಡಿವೆ. ಒಂದು, ಬಿಸಿ ತಾಗಿದೊಡನೆ ಹಾರಿಹೋಗುವ ಎಣ್ಣೆ. ಅದರಲ್ಲಿರುವ ಆಲ್ಫಾ ಪೈನೀನ್ ಪೈನ್ ಮರದಲ್ಲೂ ಇದೆ. ಆ ಪರಿಮಳ ಇಲ್ಲೂ ಮೂಗಿಗೆ ಬಡಿಯುವುದು ಅದಕ್ಕೇ. ಎರಡನೆಯದು ನೀರಲ್ಲಿ ಕರಗುವ ಗೋಂದು. ನೆನೆಹಾಕಿದ ನೀರು ಬೆಳಗಾಗುವಷ್ಟರಲ್ಲಿ ಹಾಲಿನಂತೆ ಬೆಳ್ಳಗಾಗುವುದು ಈ ಗೋಂದಿನಿಂದ, ಜೊತೆಗೆ ಅದು ನೀರಲ್ಲಿ ತೇಲಿಸಿಟ್ಟ ಎಣ್ಣೆಯ ಸಣ್ಣ ಸಣ್ಣ ಹನಿಗಳಿಂದ. ಮೂರನೆಯದು ರಾಳ.

ಔಷಧಿ ಕಂಪನಿಗಳ ಕಣ್ಣಿರುವುದು ಆ ರಾಳದ ಬೋಸ್ವೆಲಿಕ್ ಆಮ್ಲಗಳ ಮೇಲೆ. ದೇಹದಲ್ಲಿ ಊತ ಹೆಚ್ಚಿಸುವ 5-ಲಿಪಾಕ್ಸಿಜಿನೇಸ್ ಎಂಬ ಕಿಣ್ವಕ್ಕೆ ಇವು ಅಡ್ಡಗಾಲು ಹಾಕುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಮಂಡಿನೋವಿನ ಮಾತ್ರೆಗಳಿಗೆ ಇವು ಹೆಚ್ಚಾಗಿ ಬರುವುದು ನಮ್ಮ ದೇಶದ ಬೋಸ್ವೆಲಿಯಾ ಸೆರಾಟಾದಿಂದ, ಅಂದರೆ ಆಯುರ್ವೇದದ ಸಲ್ಲಕಿಯಿಂದ. ಕೆಲವು ಪರೀಕ್ಷೆಗಳಲ್ಲಿ ನೋವು ತಗ್ಗಿದೆ. ಆದರೆ ಅವು ಸಣ್ಣ ಪರೀಕ್ಷೆಗಳು.

ಈ ಆಮ್ಲಗಳು ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ಅಣುಗಳು ಭಾರವಾದ್ದರಿಂದ ಎಣ್ಣೆಯ ಹಾಗೆ ಸಲೀಸಾಗಿ ಹಾರುವುದೂ ಇಲ್ಲ. ಹಾಗಾಗಿ ಮಾತ್ರೆಯ ಗುಣವನ್ನೆಲ್ಲ ಧೂಪದ ತಲೆಗೆ ಕಟ್ಟುವ ಜಾಹೀರಾತನ್ನು ನಾನಂತೂ ನಂಬುವುದಿಲ್ಲ. ಧೂಪದಿಂದ ಮನಸ್ಸು ಹಗುರಾಗುತ್ತೆ ಅಲ್ವಾ ಎನ್ನುವವರು 2008ರ ಒಂದು ಅಧ್ಯಯನವನ್ನು ಮುಂದಿಡುತ್ತಾರೆ. ಬೋಸ್ವೆಲಿಯಾ ಕುಲದ ಮರದ ಅಂಟಿನಿಂದ ತೆಗೆದ ಇನ್ಸೆನ್ಸಾಲ್ ಅಸಿಟೇಟ್ ಎಂಬ ವಸ್ತುವಿನಿಂದ ಇಲಿಗಳ ಗಾಬರಿ ಕಡಿಮೆಯಾದದ್ದೇನೋ ನಿಜ. ಆದರೆ ಆ ಇಲಿಗಳಿಗೆ ಹೊಗೆ ಹಾಕಿರಲಿಲ್ಲ, ಇಂಜೆಕ್ಷನ್ ಕೊಟ್ಟಿದ್ದರು.