ಸೊಲ್ಲಾಪುರದಿಂದ ಹೋಗಿ ಒಂದೇ ದಿನದಲ್ಲಿ ವಿಜಯಪುರ ನೋಡಿ ಬರಬಹುದೇ?

ಪ್ರಶ್ನೆ: ನಾವು ಸೊಲ್ಲಾಪುರದವರು. ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳುವಂತೆ ವಿಜಯಪುರ ನೋಡಲು ಆಗುತ್ತದೆಯೇ? ಮೊಣಕಾಲು ನೋವಿರುವ ಅತ್ತೆಯವರು, ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ಹಿಂದೊಮ್ಮೆ ಹೋದಾಗ ಗೋಳಗುಮ್ಮಟದಲ್ಲಿ ಗದ್ದಲ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಉತ್ತರ: ಆಗುತ್ತದೆ, ಎಲ್ಲವನ್ನೂ ನೋಡಿಯೇ ತೀರುವ ಹಟ ಬಿಟ್ಟರೆ. ದೂರ ಸುಮಾರು 100 ಕಿ.ಮೀ. ಧೂಳಖೇಡದ ಹತ್ತಿರ ಭೀಮೆ ದಾಟಿ ಝಳಕಿ, ಹೊರ್ತಿ ಮೇಲೆ ಹೋದರೆ ಎರಡು, ಎರಡೂವರೆ ತಾಸು. ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳು ಒಂದು ಲೆಕ್ಕ ನೆನಪಿಡಬೇಕು: ಮಹಾರಾಷ್ಟ್ರದ ಅರ್ಧ ಟಿಕೆಟ್ ರಾಜ್ಯದ ಗಡಿಯವರೆಗೆ ಮಾತ್ರ. ಕರ್ನಾಟಕದ ಉಚಿತ ಪ್ರಯಾಣಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಮನೆಮಾತು ಕನ್ನಡವೆಂದು ಕಂಡಕ್ಟರ್ ಬಿಡುವುದಿಲ್ಲ.

ಶುಕ್ರವಾರ ಹೋಗಬೇಡಿ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ಜುಮ್ಮಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜು. ರವಿವಾರ ಜನಜಂಗುಳಿ.

ಗೋಳಗುಮ್ಮಟದ ಬಾಗಿಲು ಬೆಳಿಗ್ಗೆ 6ಕ್ಕೇ ತೆರೆಯುತ್ತದೆ. ಐದಕ್ಕೆ ಮನೆ ಬಿಟ್ಟು ನೆಟ್ಟಗೆ ಅಲ್ಲಿಗೇ ಹೋಗಿ. ಚಹಾ, ನಾಷ್ಟಾ ಆಮೇಲೆ. ನಿಮಗೆ ಕಳೆದ ಸಲ ಏನೂ ಕೇಳಿಸದ್ದಕ್ಕೆ ಕಾರಣ ಹೊತ್ತು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದು ಚಪ್ಪಾಳೆಯ ಸದ್ದು ಎದುರು ಗೋಡೆಗೆ ಬಡಿದು ಮರಳಲು ಸೆಕೆಂಡಿನ ಕಾಲು ಭಾಗವೂ ಬೇಡ. ಹೀಗೆ ಅದು ಏಳೆಂಟು ಸಲ ಓಡಾಡುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಕೂಗಿದರೆ ಎರಡೂ ಕಲಸಿಹೋಗುತ್ತವೆ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲಂತೂ ಉಳಿಯುವುದು ಬರೀ ಮೊರೆತ.

ಮಕ್ಕಳಿಗೆ ಮೊದಲೇ ಹೇಳಿಡಿ: ಉದ್ದಕ್ಕೆ ಕೂಗಬಾರದು. ಒಂದೇ ಚಪ್ಪಾಳೆ ತಟ್ಟಿ, ಸದ್ದು ಪೂರ್ತಿ ಅಡಗುವವರೆಗೆ ಕಾಯಬೇಕು. ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತಲೂ ಇರುವ ಮೇಲಿನ ಮೊಗಸಾಲೆಯಲ್ಲಿ ಪಿಸುಮಾತಿಗೆ ಬೇರೆ ವಿಧಾನ. ಇಬ್ಬರೂ ಎದುರುಬದುರಿನ ತುದಿಗೆ ಹೋಗಿ, ಮುಖವನ್ನು ಗೋಡೆಯ ಹತ್ತಿರ ತಂದು ಮಾತಾಡಬೇಕು, ಕಿವಿಯನ್ನೂ ಗೋಡೆಗೇ ಕೊಡಬೇಕು. ಸದ್ದು ದುಂಡು ಗೋಡೆಯ ಮೈಗುಂಟ ಸರಿದು ಬರುತ್ತದೆ. ಹೆಚ್ಚಿನವರು ಕಟಾಂಜನದ ಮೇಲೆ ಬಾಗಿ ನಡುಬಯಲಿಗೆ ಕೂಗಿ ಕೆಡಿಸುತ್ತಾರೆ.

ಆ ಮೊಗಸಾಲೆಗೆ ಹೋಗಲು ಮೂಲೆಯ ಮಿನಾರಿನೊಳಗಿನ ಮೆಟ್ಟಿಲೇ ಗತಿ: ಏಳು ಅಂತಸ್ತು, ಇಕ್ಕಟ್ಟು, ಮಬ್ಬುಗತ್ತಲು. ಅತ್ತೆಯವರು ಹತ್ತುವುದು ಬೇಡ. ಅವರಿಗೇನೂ ನಷ್ಟವಿಲ್ಲ, ನಮ್ಮನ್ನು ಕೇಳಿದರೆ ಕಟ್ಟಡದ ಜಾಣ್ಮೆ ಕಾಣುವುದು ಕೆಳಗಿನಿಂದಲೇ. ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು ಚೌಕ ಕೋಣೆಯನ್ನು ಮೇಲೇರುತ್ತ ದುಂಡಗೆ ಮಾಡಿ ಗುಮ್ಮಟವನ್ನು ಹೊತ್ತಿವೆ. ಕಟ್ಟೆಯ ಮೇಲೆ ಕಾಣುವವು ತೋರಿಕೆಯ ಗೋರಿಗಳು. 1656ರಲ್ಲಿ ತೀರಿಕೊಂಡ ವಿಜಯಪುರದ ಸುಲ್ತಾನ ಮೊಹಮ್ಮದ್ ಆದಿಲ್‌ಶಾಹನ ನಿಜವಾದ ಗೋರಿ ನೆಲಮಾಳಿಗೆಯಲ್ಲಿದೆ.

ಹತ್ತರ ಹೊತ್ತಿಗೆ ಅಲ್ಲಿಂದ ಹೊರಬಿದ್ದು ಆಟೋ ಮಾಡಿ. ಟಾಂಗಾ ಸಿಕ್ಕರೆ ಮಕ್ಕಳಿಗೆ ಖುಷಿ, ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಜುಮ್ಮಾ ಮಸೀದಿ, ಆಮೇಲೆ ಬಾರಾ ಕಮಾನ. ಇದು ಎರಡನೇ ಅಲಿ ಆದಿಲ್‌ಶಾಹನ ಅರ್ಧಕ್ಕೇ ನಿಂತ ಗೋರಿ. ಹದಿನೈದು ನಿಮಿಷ ಸಾಕು. ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ. ಶೇಂಗಾ ಚಟ್ನಿಯ ವಿಷಯದಲ್ಲಿ ಸೊಲ್ಲಾಪುರದವರಿಗೆ ನಾವೇನೂ ಹೇಳುವುದಿಲ್ಲ. ನಂತರ ಮಲಿಕ್-ಎ-ಮೈದಾನ ತೋಪು: 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ನಿಮ್ಮ ಬಾರ್ಶಿಯಾಚೆಯ ಪರಂಡಾ ಕೋಟೆಯಿಂದ ಇಲ್ಲಿಗೆ ಬಂತು.

ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿಯಿರುವ ಇಬ್ರಾಹಿಂ ರೋಜಾ ಊರಿನ ಪಶ್ಚಿಮಕ್ಕಿದೆ. ಅದನ್ನು ನಾಲ್ಕರ ನಂತರಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನದ ಬಿಸಿಲಲ್ಲಿ ಗೋಡೆಯ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಎದ್ದುನಿಲ್ಲುತ್ತವೆ. ಕಿಟಕಿಯ ಜಾಳಂಧ್ರಗಳನ್ನು ಹತ್ತಿರದಿಂದ ನೋಡಿ: ಬಳ್ಳಿಯ ಚಿತ್ತಾರವೆನಿಸುವುದು ಕಲ್ಲಿನಲ್ಲಿ ಕೊರೆದ ಅರಬ್ಬಿ ಬರಹ.

ಗೋಳಗುಮ್ಮಟಕ್ಕೂ ರೋಜಾಕ್ಕೂ ಬೇರೆ ಬೇರೆ ಟಿಕೆಟ್. 15ರೊಳಗಿನ ಮಕ್ಕಳಿಗೆ ಬೇಡ. ರೋಜಾದ ಮುಂದೆ ಸಂಜೆ ಖಾಲಿ ಆಟೋಗೆ ಕಾಯುತ್ತ ಕೂರುವ ಬದಲು ಹೋದ ಆಟೋವನ್ನೇ ನಿಲ್ಲಿಸಿಕೊಳ್ಳಿ. ಮರಳುವ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿದಾಗಲೇ ಬಸ್ ಸ್ಟ್ಯಾಂಡಿನಲ್ಲಿ ಕೇಳಿಡಿ.